ಬಕೆಟ್ಟಿನೊಳಗೂ ಹಾಡಬೇಕಾದ ಸ್ಪೀಕರು

ಪುರಸಭೆಯ ಮಾಜಿ ಉಪಾಧ್ಯಕ್ಷ ಪಂಪಣ್ಣನವರು ಬ್ಲೂಟೂತ್ ಸ್ಪೀಕರ್ ಕೊಳ್ಳಲು ಅಂಗಡಿಗೆ ದಯಮಾಡಿಸಿದರು. ಹುದ್ದೆ ಹೋಗಿ ಎಷ್ಟೋ ವರ್ಷವಾಗಿತ್ತು, ಗತ್ತು ಮಾತ್ರ ಹಾಲಿಯಾಗಿಯೇ ಇತ್ತು. ತಲೆಗೂದಲಿಗೆ ಅಂದು ಬೆಳಿಗ್ಗೆಯಷ್ಟೇ ಕಪ್ಪು ಬಳಿದುಕೊಂಡಿದ್ದರು. ಕಿವಿಗಳಿಗೂ ಅದರಲ್ಲಿ ಪಾಲು ಸಿಕ್ಕಿತ್ತು.

“ನೀರು ಬಿದ್ದರೂ ಕೆಡಬಾರದು,” ಎಂದರು.

ಕೌಂಟರಿನ ಹುಡುಗಿ ಅಂಥದ್ದೇ ಒಂದನ್ನು ತೋರಿಸಿದಳು.

“ಬಾಯಿಮಾತು ಬೇಡ, ಬಕೆಟ್ ತರಿಸು!”

ಬಕೆಟ್ ಬಂತು. ಹಾಡುತ್ತಿದ್ದ ಸ್ಪೀಕರನ್ನು ಪಂಪಣ್ಣನವರು ಸ್ವಹಸ್ತದಿಂದ ಮುಳುಗಿಸಿದರು. ಹಾಡು ನಿಂತಿತು. ಎತ್ತಿದರು, ಮತ್ತೆ ಹಾಡಿತು.

“ಮೋಸ! ನೀರೊಳಗೂ ಹಾಡಬೇಕು. ನನಗೇ ಟೋಪಿ ಹಾಕ್ತೀರಾ? ಅಂಗಡಿಗೆ ಬೀಗ ಹಾಕಿಸ್ತೀನಿ!”

ಜನ ಸೇರಿದರು. ಮಾಲೀಕರು ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟಿದರು: “ಇವರು ಹೀಗೇ ಹೊರಟುಹೋದರೆ ನಾಳೆಯಿಂದ ನೀನೂ ಬರಬೇಡ.”

ಹುಡುಗಿ ಸ್ಪೀಕರನ್ನು ಮತ್ತೆ ನೀರಿಗಿಳಿಸಿ ಕೈಮುಗಿದಳು. “ಒಳಗೂ ಹಾಡ್ತಿದೆ ಸರ್. ಹೊರಗೆ ನಿಂತ ನಮಗೆ ಹೇಗೆ ಕೇಳಿಸುತ್ತೆ? ತಾವೇ ಒಂದು ಸಲ ತಲೆ ಮುಳುಗಿಸಿ ನೋಡಿ. ದೊಡ್ಡವರು ಹೇಳಿದರೆ ಊರೇ ನಂಬುತ್ತೆ.”

“ಮುಳುಗಿಸಿ ಸಾರ್, ಮುಳುಗಿಸಿ!” ಎಂದು ಜನ ಹುರಿದುಂಬಿಸಿದರು.

ಪಂಪಣ್ಣನವರು ಬಗ್ಗಿದರು. ನೀರಿನಲ್ಲಿ ತಮ್ಮ ಮಿರಮಿರ ಮಿಂಚುವ ಕಪ್ಪು ಕ್ರಾಪು ಕಂಡಿತು. ಆಮೇಲೆ ತಲೆ ಒದ್ದೆಯಾಗದಷ್ಟು ದೂರದಿಂದಲೇ ಬಕೆಟ್ಟಿಗೆ ಕಿವಿಗೊಟ್ಟು, ಗಂಭೀರವಾಗಿ ತಲೆದೂಗಿದರು.

“ಹ್ಞಾಂ, ಕೇಳಿಸ್ತಿದೆ. ಪ್ಯಾಕ್ ಮಾಡು.”

ಹುಡುಗಿ ಚೀಲವನ್ನು ಕೈಗಿತ್ತು ಮೆಲ್ಲಗೆ ಹೇಳಿದಳು: “ಹೊರಗೆ ಮಳೆ ಬರೋ ಹಾಗಿದೆ ಸರ್. ಸ್ಪೀಕರಿಗೇನೂ ಆಗಲ್ಲ. ತಾವು ಹುಷಾರು.”