ಬಾಡಿಗೆ ಇಲ್ಲದ ಜಗಲಿ

ವರ್ಷಗಟ್ಟಲೆ ಬಟ್ಟೆ ವ್ಯಾಪಾರ ಮಾಡಿ ಕೂಡಿಸಿಟ್ಟದ್ದನ್ನೆಲ್ಲ ಸುರಿದು ಹಾಲಪ್ಪ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಕಾಂಪ್ಲೆಕ್ಸ್ ಕಟ್ಟಿಸಿದ. ಕೆಳಗೆ ಬಳೆ ಅಂಗಡಿ, ಚಪ್ಪಲಿ ಅಂಗಡಿ. ಮೇಲೆ ರಜಾಕ್ ಸಾಬರ ಟೈಲರಿಂಗ್. ಮುಂದುಗಡೆ ಉದ್ದಕ್ಕೂ ನೆರಳಿನ ಜಗಲಿ. ಇನ್ನು ಮೇಲೆ ಗಂಡ ಹೆಂಡತಿಯ ಊಟ, ಔಷಧಿ ಎಲ್ಲ ಈ ಬಾಡಿಗೆಯಲ್ಲೇ ನಡೆಯಬೇಕಿತ್ತು.

ಹಳ್ಳಿ ಬಸ್ಸಿಗೆ ಕಾಯುವ ಹೆಂಗಸರು ಆ ಜಗಲಿಯ ಮೇಲೆ ಕೂರುತ್ತಿದ್ದರು. ಮಕ್ಕಳನ್ನು ಮಲಗಿಸಿಕೊಂಡು, ಕಡಲೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದರು. ಹಾಲಪ್ಪನಿಗೆ ಅದು ಕಣ್ಣಿಗೆ ಬಿದ್ದಾಗಲೆಲ್ಲ ಒಳಗೊಳಗೇ ಸಂಕಟ.

"ಅಣ್ಣಾ, ಬಂಗಾರದಂಥ ಜಾಗದಲ್ಲಿ ಕಡಲೆಸಿಪ್ಪೆ ಬೆಳೀತಿದ್ದೀರಲ್ಲ!" ಎಂದು ನಕ್ಕ ಬ್ರೋಕರ್ ಪರಮೇಶಿ. "ಗೋಡೆ ಎಬ್ಬಿಸಿ. ಇನ್ನೆರಡು ಅಂಗಡಿ ಆಗ್ತವೆ."

ಸುದ್ದಿ ಕೇಳಿ ರಜಾಕ್ ಸಾಬರು ಕೆಳಗಿಳಿದು ಬಂದರು. "ಸಾವ್ಕಾರ್ರೇ, ಅಷ್ಟು ಹೆಂಗಸರು ಎಲ್ಲಿಗೆ ಹೋಗ್ತಾರೆ?"

"ಬಸ್ಸಿಗೆ ಬಂದವರು ಬಸ್ಸಿಗೆ ಹೋಗ್ತಾರೆ. ನಿಮಗ್ಯಾಕೆ ಸಾಬ್ರೇ ಆ ಚಿಂತೆ?"

ಗೋಡೆ ಎದ್ದಿತು. ಎರಡು ಮೊಬೈಲ್ ಅಂಗಡಿ ಬಂದವು. ಮೊದಲ ತಿಂಗಳ ಬಾಡಿಗೆ ಕೈಗೆ ಬಂದ ದಿನ ಹಾಲಪ್ಪ ಮನೆಯಲ್ಲಿ ಪಾಯಸ ಮಾಡಿಸಿದ.

ದೀಪಾವಳಿ ಕಳೆಯುವ ಹೊತ್ತಿಗೆ ಬಳೆ ಅಂಗಡಿಯವರು ಬೀಗದ ಕೈ ತಂದುಕೊಟ್ಟರು. ಆಮೇಲೆ ರಜಾಕ್ ಸಾಬರೂ ಹೊಲಿಗೆ ಮಿಷನ್ ಇಳಿಸಿ ಕೋಣೆ ಖಾಲಿ ಮಾಡಿದರು. ಜಗಳವಿಲ್ಲ, ಸಿಟ್ಟಿಲ್ಲ. "ಕೂತು ಕೂತು ನನಗೇ ಅಂಗಿ ಹೊಲ್ಕೊಳ್ಳೋ ಹಾಗಾಯ್ತು," ಅಂದರು ಅಷ್ಟೆ. ಹೊಸ ಮೊಬೈಲ್ ಅಂಗಡಿಗಳಲ್ಲೂ ಒಂದು ಬಾಗಿಲು ಹಾಕಿತು. ಹಾಲಪ್ಪ ಬಾಡಿಗೆ ಇಳಿಸಿದ. ಕೇಳುವವರೇ ಇಲ್ಲ.

ಒಂದು ಮಧ್ಯಾಹ್ನ ಹೆಂಡತಿ ನಾಗವೇಣಿಯ ಜೊತೆ ನೆಂಟರ ಮನೆಗೆ ಹೋಗುವುದಿತ್ತು. ಕಾಂಪ್ಲೆಕ್ಸಿನ ಮುಂದೆ ನಿಂತು ಕಾದ. ಅವಳ ಸುಳಿವಿಲ್ಲ. ಕತ್ತೆತ್ತಿ ನೋಡಿದರೆ, ರಸ್ತೆಯಾಚೆ ಬಸ್ ಸ್ಟ್ಯಾಂಡಿನ ಪಕ್ಕ, ಬೇರೆಯವರ ಬಿಲ್ಡಿಂಗಿನ ಮೆಟ್ಟಿಲ ಮೇಲೆ, ಹಳ್ಳಿ ಹೆಂಗಸರ ನಡುವೆ ಕಾಲು ಚಾಚಿ ಕೂತಿದ್ದಾಳೆ!

ದಾಪುಗಾಲು ಹಾಕಿ ಹೋದ. "ನಮ್ಮದೇ ಬಿಲ್ಡಿಂಗ್ ಎದುರಿಗಿದೆ, ನೀನು ಇಲ್ಲಿ ಕೂತಿದ್ದೀಯಲ್ಲೇ?"

"ಇದೆ ಕಣ್ರೀ. ಅಲ್ಲಿ ಕೂರೋದೆಲ್ಲಿ, ನಿಮ್ಮ ತಲೆ ಮೇಲಾ?"

ಸುತ್ತಲಿದ್ದವರು ಸೆರಗು ಬಾಯಿಗಿಟ್ಟು ನಕ್ಕರು. ಹಾಲಪ್ಪ ನಗಲಿಲ್ಲ. ಅವನ ಕಣ್ಣು ಅವಳ ಕೈ ಮೇಲಿತ್ತು. ಕೈ ತುಂಬ ಹೊಸ ಹಸಿರು ಬಳೆ.

"ಇದ್ಯಾವಾಗ ತೊಟ್ಟೆ?"

"ಈಗಲೇ. ಸುಮ್ಮನೆ ಕೂತಿದ್ನಲ್ಲ, ಹಿಂದೆನೇ ಬಳೆ ಅಂಗಡಿ ಕಾಣಿಸ್ತು."

ಹಾಲಪ್ಪ ಆ ಬಳೆಗಳನ್ನೇ ನೋಡುತ್ತಾ ನಿಂತುಬಿಟ್ಟ. ಬಸ್ಸು ಬಂತು, ಹೋಯಿತು.

ಮರುವಾರ ಗೋಡೆ ಒಡೆಸಿದ. ಉಳಿದಿದ್ದ ಮೊಬೈಲ್ ಅಂಗಡಿಯನ್ನು ಖಾಲಿ ಬಿದ್ದಿದ್ದ ಬಳೆ ಅಂಗಡಿಯ ಜಾಗಕ್ಕೆ ಕಳಿಸಿದ. ಹೆಂಗಸರು ಒಬ್ಬೊಬ್ಬರಾಗಿ ಜಗಲಿಗೆ ಮರಳಿದರು. ಮೇಲಿನ ಕೋಣೆಗೂ ಬಾಡಿಗೆಗೆ ಜನ ಬಂದರು. ರಜಾಕ್ ಸಾಬರು ಮಾತ್ರ ಬರಲಿಲ್ಲ. ಎದುರಿನ ಬಿಲ್ಡಿಂಗಿನಲ್ಲಿ ಅಂಗಡಿ ಇಟ್ಟಿದ್ದ ಅವರಿಗೆ ಅಲ್ಲೇ ಕೈತುಂಬ ಕೆಲಸ. ಈಗ ಹಾಲಪ್ಪ ತನ್ನ ಅಂಗಿ ಹೊಲಿಸಲು ರಸ್ತೆ ದಾಟಿ ಹೋಗುತ್ತಾನೆ.

ಮೊನ್ನೆ ಪರಮೇಶಿ ಬಂದು ಮತ್ತೆ ಜಗಲಿಯನ್ನು ಕಣ್ಣಲ್ಲೇ ಅಳೆಯತೊಡಗಿದ.

"ಬಾರಯ್ಯ, ಕೂತ್ಕೋ," ಎಂದ ಹಾಲಪ್ಪ, ಪಕ್ಕಕ್ಕೆ ಸರಿದು. "ಕಡಲೆಸಿಪ್ಪೆ ನೋಡ್ಕೊಂಡು ಕೂರು."

ನೀತಿ: ಅಡಿ ಅಡಿಗೂ ಬಾಡಿಗೆ ಎಣಿಸುವವನು ಬಾಡಿಗೆ ಕೊಡುವವರನ್ನೇ ಕಳೆದುಕೊಳ್ಳುತ್ತಾನೆ. ಲಾಭಕ್ಕೆಂದೇ ಕಟ್ಟಿದ ಜಾಗದಲ್ಲೂ ಜನ ಸುಮ್ಮನೆ ಕೂರಲು ಒಂದಿಷ್ಟು ನೆರಳು ಬಿಡಬೇಕು.