ಕೇಳುವುದಕ್ಕೊಂದು ಜಾಗ

ಪೂಜ್ಯ ಸಂದ್ಯಾಗಪ್ಪ ಸ್ವಾಮಿಗಳು ಕೃಷ್ಣೆಯ ದಂಡೆಯ ಹಿರೇತೊರೆಯಲ್ಲಿ ಕ್ರೈಸ್ತ ಗುರುಗಳಾಗಿದ್ದಾಗ ಹೊಳೆ ಉಕ್ಕಿ ಊರೊಳಗೆ ನುಗ್ಗಿತು. ನೀರು ಇಳಿದ ಮೇಲೆ ನೋಡಿದರೆ ದೇವಮಾತೆಯ ಹಳೆಯ ದೇವಾಲಯದಲ್ಲಿ ಮೊಣಕಾಲುದ್ದ ಕೆಸರು. ಮಾಳಿಗೆಯ ಅರ್ಧ ಭಾಗ ಕುಸಿದಿತ್ತು. ಮಣ್ಣಿನ ಗೋಡೆಗಳು ನೀರುಂಡು ಉಬ್ಬಿದ್ದವು. ಬಲಿಪೀಠದ ಮೇಲೆ ಸತ್ತ ಮೀನುಗಳು ಬಿದ್ದಿದ್ದವು.

ಅದನ್ನು ಹಾಗೆಯೇ ಬಿಟ್ಟುಬಿಡಿರೆಂದು ಮೇಲಿನ ಧರ್ಮಾಧ್ಯಕ್ಷರಿಂದ ಅಪ್ಪಣೆ ಬಂದಿತು. ಸ್ವಾಮಿಗಳು ಅಪ್ಪಣೆ ತಂದವನಿಗೆ ರೊಟ್ಟಿ ಬಡಿಸಿ, "ಆಗೂದಿಲ್ಲಂತ ಹೇಳ್ರಿ" ಎಂದು ಕಳುಹಿಸಿದರು. ಆಮೇಲೆ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ಹಿಡಿದು ಕೆಸರಿಗಿಳಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಊರಿನವರು ಮೊದಮೊದಲು ದೂರ ನಿಂತು ನೋಡಿದರು. ಬಳಿಕ ಒಬ್ಬೊಬ್ಬರಾಗಿ ಬುಟ್ಟಿ ತಂದರು.

ಬಾರದೆ ಉಳಿದವನು ಗೋಡೆ ಕಟ್ಟುವ ಗೌಂಡಿ ಚೌರಪ್ಪ. ಪ್ರವಾಹದ ದಿನ ಮಾತೆಯ ಪಾದವೇ ಗತಿಯೆಂದು ದೇವಾಲಯಕ್ಕೆ ಓಡಿಹೋಗಿದ್ದ ಅವನ ಹೆಂಡತಿ ಮಾಳಿಗೆ ಬಿದ್ದು ಅಲ್ಲಿಯೇ ತೀರಿಕೊಂಡಿದ್ದಳು.

ಒಂದು ಮುಂಜಾನೆ ಅವನು ಹಾರೆ ಹಿಡಿದು ಬಂದ.

"ಈ ಗುಡಿ ನನ್ನ ಹೇಣ್ತೀನ ನುಂಗೇತಿ, ಅಜ್ಜಾರ. ಇದನ್ನ ನಾ ಏಳಗೊಡೂದಿಲ್ಲ."

ತಡೆಯಲು ಮುಂದಾದವರನ್ನು ಸ್ವಾಮಿಗಳು ಕೈಸನ್ನೆಯಿಂದಲೇ ನಿಲ್ಲಿಸಿ, ಬಡಗಣ ಗೋಡೆಯನ್ನು ತೋರಿಸಿದರು. "ಅದು ಇನ್ನ ನಿಲ್ಲೂದಿಲ್ಲ. ಕೆಡವು."

ಚೌರಪ್ಪ ಹೊತ್ತು ಇಳಿಯುವವರೆಗೂ ಬಡಿದ. ಬಿದ್ದ ಮಣ್ಣನ್ನು ಸ್ವಾಮಿಗಳು ಹೊತ್ತು ಹೊರಗೆ ಹಾಕುತ್ತಿದ್ದರು. ಗೋಡೆ ಪೂರ್ತಿ ಉರುಳಿದಾಗ ಅವನ ಅಂಗೈ ಒಡೆದು ರಕ್ತ ಜಿನುಗುತ್ತಿತ್ತು. ಹಾರೆ ಊರಿ ನಿಂತು ಕೇಳಿದ: "ಆಕಿ ನಂಬಿ ಬಂದಿದ್ಲು. ದೇವ್ರು ಯಾಕ ಉಳಸಲಿಲ್ಲ?"

"ನಾನೂ ಕೇಳಾಕತ್ತೀನಿ, ಚೌರಪ್ಪ. ಇನ್ನೂ ಹೇಳಿಲ್ಲ. ಹೇಳಲಿಲ್ಲಂತ ನಾವು ಕೇಳೂದು ಬಿಡಬಾರದು. ಕೇಳಾಕ ಒಂದು ಜಾಗ ಬೇಕಲ್ಲ, ಅದಕ್ಕ ಕಟ್ಟಾಕತ್ತೀನಿ."

ಸ್ವಾಮಿಗಳು ತಮ್ಮ ಹೆಗಲಿನ ವಸ್ತ್ರವನ್ನು ಹರಿದು ಅವನ ಕೈಗೆ ಕಟ್ಟಿದರು.

ಮರುದಿನ ಅವನು ಕರಣಿ, ತೂಗುಗುಂಡು ಹಿಡಿದು ಬಂದ. ಮಣ್ಣು ಬೇಡವೆಂದು ಹಟ ಹಿಡಿದು, ಬಂಡೆ ಒಡೆಸಿ, ಬಡಗಣ ಗೋಡೆಯನ್ನು ಕಲ್ಲಿನಲ್ಲಿ ಎಬ್ಬಿಸಿದ. ಮೊದಲ ಬಲಿಪೂಜೆಯ ದಿನ ಎಲ್ಲರೂ ಮಂಡಿಯೂರಿದರೆ ಅವನೊಬ್ಬ ಬಾಯಿ ಬಿಗಿದು ನಿಂತೇ ಇದ್ದ. ಹಿರಿಯರು ಗದರಿಸಹೋದಾಗ ಸ್ವಾಮಿಗಳು, "ನಿಂತ ಕೇಳಲಿ ಬಿಡ್ರಿ" ಎಂದರು.

ಮುಂದಿನ ಮಳೆಗಾಲದಲ್ಲಿ ಹೊಳೆ ಮತ್ತೆ ಏರಿತು. ಜನರೆಲ್ಲ ದಿಬ್ಬ ಹತ್ತಿದರು. ಸ್ವಾಮಿಗಳನ್ನು ಚೌರಪ್ಪನೇ ಹೊತ್ತು ತಂದ. ಅವರ ಕಣ್ಣೆದುರಿಗೇ ನೀರು ದೇವಾಲಯದ ಬಾಗಿಲು ಹೊಕ್ಕಿತು. ಯಾರೋ, "ಮತ್ತ ಹೋತು" ಎಂದು ಅತ್ತರು.

"ಹೋಗಲಿ. ನೀರು ಇಳದ ಮ್ಯಾಲ ಸಲಿಕಿ ತರ್ರಿ," ಎಂದ ಚೌರಪ್ಪ. "ಎಷ್ಟು ಸಲ ಬರತೈತೋ ಅಷ್ಟು ಸಲ ಕಟ್ಟೂಣು."

ಸ್ವಾಮಿಗಳು ಜಪಸರ ತೆಗೆದು ಪ್ರಾರ್ಥನೆ ಆರಂಭಿಸಿದರು. ಅವರು ಒಂದು ಸಾಲು ಹೇಳಿದರೆ ಜನರು ಮುಂದಿನ ಸಾಲು ಹೇಳಿ ಉತ್ತರ ಕೊಡುತ್ತಿದ್ದರು. ಹೊಳೆಯ ಭೋರ್ಗರೆತದ ಎದುರು ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಕೊಟ್ಟವನು ಚೌರಪ್ಪ.