ಸಾಹೇಬರ ಕೊರಳಿಗೆ ಹೋತದ ಗಂಟೆ

ಹುಲಿಯ ಮೀಸೆ ಹಿಡಿದು ಜಗ್ಗಿದವನು ಕಣ್ರೋ ನಿಮ್ಮ ಈ ಮಾವ. ಆದರೂ ಅವತ್ತು ಮೇಕೆ ತಪಾಸಣೆಗೆ ಬಂದ ಸಾಹೇಬರ ಮುಂದೆ ನನ್ನ ಬಾಯಿ ಕಟ್ಟಿಹೋಯಿತು.

ನಮ್ಮ ಹಟ್ಟಿಯ ಹೆಂಗಸರ ಸಂಘಕ್ಕೆ ಸರ್ಕಾರ ಮೇಕೆ ಕೊಟ್ಟಿತ್ತು. ಅಷ್ಟು ಮೇಕೆಗೂ ಇದ್ದದ್ದು ಒಂದೇ ಹೋತ. ಅದು ಹೋದರೆ ಮರಿಯಿಲ್ಲ. ಮರಿಯಿಲ್ಲದಿದ್ದರೆ ಹೆಂಗಸರು ಮತ್ತೆ ಊರೂರು ಕೂಲಿಗೆ ಅಲೆಯಬೇಕು. ಸಾಹೇಬರ ಕಣ್ಣು ನೆಟ್ಟಗೆ ಅದರ ಮೇಲೆಯೇ ಬಿತ್ತು.

"ಮಧ್ಯಾಹ್ನದ ಊಟಕ್ಕೆ ಇದೇ ಆಗಲಿ," ಅಂದರು.

"ನಮ್ಮ ಪುಣ್ಯ ಸ್ವಾಮಿ," ಅಂದಳು ನನ್ನ ಹೆಂಡತಿ, ಅಂದರೆ ನಿಮ್ಮತ್ತೆ. ಹೋತದ ಕೊರಳಿನ ಗಂಟೆ ಬಿಚ್ಚಿ ಸಾಹೇಬರ ಕೊರಳಿಗೆ ಕಟ್ಟಿಯೇ ಬಿಟ್ಟಳು.

"ಏನಮ್ಮ ಇದು?"

"ಹಟ್ಟಿ ಪದ್ಧತಿ ಸ್ವಾಮಿ. ಹೋತ ತಿಂದವರು ಹೊಸ ಹೋತ ಬೆಳೆಯೋವರೆಗೆ ಅದರ ಜಾಗದಲ್ಲಿ ನಿಲ್ಲಬೇಕು. ದಿನಾ ಬೆಳಿಗ್ಗೆ ಮಂದೆಯ ಮುಂದೆ ಗುಡ್ಡಕ್ಕೆ ನಡೀಬೇಕು."

"ಹೋತದ ಮಿಕ್ಕ ಕೆಲಸ ಯಾರು ಮಾಡೋರೇ?" ಅಂತ ಹಿಂದಿನಿಂದ ಒಬ್ಬಳು ಕೂಗಿದಳು. ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು.

ಸಾಹೇಬರು ಗಾಬರಿಯಿಂದ ಕತ್ತು ಕೊಡವಿದರು. ಗಂಟೆ ಸದ್ದಾಯಿತು. ಮಲಗಿದ್ದ ಮೇಕೆಗಳೆಲ್ಲ ಎದ್ದು ಅವರ ಹಿಂದೆ ಹೊರಟವು. ಅವರು ಓಡಿದಷ್ಟೂ ಗಂಟೆ ಜೋರಾಯಿತು, ಮೇಕೆಗಳ ಪ್ರೀತಿಯೂ ಜೋರಾಯಿತು. ಕೊನೆಗೆ ಜೀಪಿನ ಬಾನೆಟ್ ಹತ್ತಿ ಕೂಗಿಕೊಂಡರು: "ಬಿಚ್ಚಮ್ಮಾ ತಾಯಿ! ನಂಗೆ ಮುದ್ದೆ ಸಾರೇ ಸಾಕು!"

ಮುದ್ದೆ ಉಂಡು ಅವರು ಹೋದ ಮೇಲೆ ಹಟ್ಟಿಗೆ ಹಟ್ಟಿಯೇ ಉಸಿರು ಬಿಟ್ಟಿತು. ಹೋತ ಹುಲ್ಲು ಮೇಯುತ್ತಿತ್ತು.

ನಾನು ಮೆಲ್ಲಗೆ ಕೇಳಿದೆ: "ಅಲ್ಲ ಕಣೇ, ಈ ಪದ್ಧತಿ ನಮ್ಮಲ್ಲಿ ಯಾವಾಗಿಂದ?"

"ಇವತ್ತಿಂದ ಕಣ್ರೀ. ಮುಂದಿನ ಸಾಹೇಬ ಬರೋ ಹೊತ್ತಿಗೆ ಹಳೇದಾಗಿರ್ತದೆ."